ಬಿಳಿ ಹಾಸಿಗೆಯ ಮೇಲೆ ಉಳಿದ ಲಿಂಗ

ಕ್ವಾಲಾಲಂಪುರದ ಪೇಟೆಯಲ್ಲಿ ಸೊಸೆಗೆಂದು ಕೈಚೀಲ ನೋಡುತ್ತಿದ್ದ ಸುನಂದಾ ಬಗ್ಗಿದಾಗ ಎದೆಗೆ ಏನೂ ತಾಗಲಿಲ್ಲ. ಐವತ್ತೆರಡು ವರ್ಷಗಳಿಂದ ಬಗ್ಗಿದಾಗಲೆಲ್ಲ ತಾಗುತ್ತಿತ್ತು. ಸೆರಗಿನೊಳಗೆ ಕೈ ಹಾಕಿ ನೋಡಿಕೊಂಡಳು. ಕೊರಳಲ್ಲಿ ಇಷ್ಟಲಿಂಗ ಇರಲಿಲ್ಲ.

ಸುನಂದಾ ಇಳಕಲ್‌ನವಳು. ಕಮತಗಿಯ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವಳು. ಅದೇ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದ ಫರಹಾನಾ ಜೊತೆ ದಿನಾ ಒಂದೇ ಬಸ್ಸು, ಒಂದೇ ಸೀಟು. ನಿವೃತ್ತಿಯಾದ ಮೇಲೆ ಒಮ್ಮೆ ಹೊರದೇಶ ನೋಡಿ ಬರೋಣ ಎಂಬ ಮಾತು ಆ ಸೀಟಿನಲ್ಲೇ ಆಗಿತ್ತು. ಐದು ದಿನಗಳ ಪ್ರವಾಸದಲ್ಲಿ ಇದು ಕೊನೆಯ ದಿನ. ಎರಡು ಗಂಟೆಗೆ ವಿಮಾನ ನಿಲ್ದಾಣದ ಗಾಡಿ ಹೋಟೆಲಿಗೆ ಬರುವುದಿತ್ತು. ಈಗ ಹನ್ನೊಂದೂವರೆ.

ತಪ್ಪಾದದ್ದು ಬೆಳಿಗ್ಗೆ. ಊರಿಂದ ಬರುವಾಗ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಲಿಂಗದ ಬೆಳ್ಳಿ ಕರಡಿಗೆಗೆ ಯಂತ್ರ ಕೂಗಿಕೊಂಡಿತ್ತು. ತೆರೆದು ತೋರಿಸಿ ಅಂದಿದ್ದರು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದ್ದರು. ಮರಳುವಾಗ ಆ ಫಜೀತಿ ಬೇಡವೆಂದು ಸುನಂದಾ ಪೂಜೆ ಮುಗಿಸಿ, ಕರಡಿಗೆಯನ್ನು ಸೂಟ್‌ಕೇಸಿನ ತಳಕ್ಕೆ ಸೇರಿಸಿ, ಲಿಂಗವನ್ನು ಚೂರು ಬಿಳಿ ಅರಿವೆಯಲ್ಲಿ ಸುತ್ತಿದಳು. ಕೊರಳಿಗೆ ಕಟ್ಟಿಕೊಳ್ಳುವಷ್ಟರಲ್ಲಿ ಸೂಟ್‌ಕೇಸಿನ ಜಿಪ್ಪು ಹಟ ಹಿಡಿಯಿತು. ಫರಹಾನಾ ಅದರ ಮೇಲೆ ಕುಳಿತು ನಕ್ಕಳು, ಈಕೆ ಎಳೆದಳು. ಬಿಳಿ ಗಂಟು ಬಿಳಿ ಹಾಸಿಗೆಯ ಮೇಲೆ ಉಳಿಯಿತು.

“ಫರಹಾನಾ, ಲಿಂಗ ರೂಮಿನಾಗ ಬಿಟ್ಟು ಬಂದೇನಿ.”

“ಯಾ ಅಲ್ಲಾ! ನಡಿ ಬೇ, ನಡಿ.”

ಟ್ಯಾಕ್ಸಿಯಲ್ಲಿ ಫರಹಾನಾ ನೀರಿನ ಬಾಟಲಿ ಚಾಚಿದಳು. “ಒಂದ್ ಗುಟುಕು ಕುಡಿ. ಮಾರಿ ಹೆಂಗ ಆಗೇತಿ ನೋಡ್ಕೊ.”

“ಲಿಂಗ ಮೈಮ್ಯಾಲ ಇಲ್ದ ನೀರು ಮುಟ್ಟಂಗಿಲ್ಲ.”

“ರೋಜಾದಾಗ ನನಗ, ಬಿಪಿ ಗುಳಗಿ ನುಂಗು, ದೇವರು ಏನ್ ಬೈಯಂಗಿಲ್ಲ ಅಂತಿದ್ದಿ. ಈಗ ನೀ ನೋಡು.”

ಸುನಂದಾ ಬಾಟಲಿಯನ್ನು ಹಿಂದಕ್ಕೆ ಸರಿಸಿದಳು. ಬೆಳಿಗ್ಗೆ ಹೋಟೆಲಿನಲ್ಲಿ ಬ್ರೆಡ್ಡು ತಿಂದು ಚಹಾ ಕುಡಿದದ್ದು ಆಗಷ್ಟೇ ನೆನಪಾಗಿತ್ತು. ಆಗಲೂ ಕೊರಳು ಬರಿದೇ ಇತ್ತು. ಎಂಟನೆಯ ವಯಸ್ಸಿಗೆ ಮನೆತನದ ಗುರುಗಳಾದ ಅಯ್ಯನವರು ಅಂಗೈಗಿತ್ತ ಲಿಂಗ ಅದು. ಹೊಸದು ಸಿಗುವುದಿಲ್ಲವೆಂದಲ್ಲ. ಆದರೆ ಅವ್ವನನ್ನು ಮಣ್ಣಿಗಿಡುವಾಗ ಆಕೆಯ ಎಡ ಅಂಗೈಯಲ್ಲಿ ಆಕೆಯದೇ ಲಿಂಗವಿಟ್ಟು ಬೆರಳು ಮಡಚಿದ್ದನ್ನು ಸುನಂದಾ ಕಂಡಿದ್ದಳು. ತನ್ನ ಅಂಗೈಗೆ ಯಾವುದು?

ಕೋಣೆಯಲ್ಲಿ ಹಾಸಿಗೆಗೆ ಹೊಸ ಬಟ್ಟೆ ಹಾಸಿ ಆಗಿತ್ತು. ಹಳೆಯವು ನೆಲಮಾಳಿಗೆಯ ಲಾಂಡ್ರಿಗೆ ಹೋಗಿದ್ದವು. ಅಲ್ಲಿದ್ದ ನೇಪಾಳಿ ಹೆಂಗಸಿಗೆ ಫರಹಾನಾ ಹಿಂದಿಯಲ್ಲಿ ಹೇಳಿದಳು. ಆಕೆ ಕೈ ತೋರಿಸಿದ ಕಡೆ, ದುಂಡು ಗಾಜಿನ ಹಿಂದೆ, ಅವರ ಮಹಡಿಯ ಬಟ್ಟೆಯೆಲ್ಲ ನೊರೆಯಲ್ಲಿ ತಿರುಗುತ್ತಿತ್ತು.

“ಬಿಸಿನೀರೇನು ಕೇಳು,” ಎಂದಳು ಸುನಂದಾ.

“ಬಿಸಿನೀರಂತ. ಯಾಕ?”

“ಲಿಂಗದ ಮ್ಯಾಲ ಕರೀ ಕಂತಿ ಇರತೈತಿ. ಅರಗಿನಂಗ. ಬಿಸಿಗೆ ಕರಗತೈತಿ ಅಂತ ಅವ್ವ ಹೇಳತಿದ್ದಳು.”

ಹೆಂಗಸು ಗುಂಡಿ ಒತ್ತಿದಳು. ಯಂತ್ರ ನಿಂತಿತು, ಆದರೆ ನೀರು ಇಳಿಯುವವರೆಗೆ ಬಾಗಿಲು ತೆರೆಯುವಂತಿರಲಿಲ್ಲ. ಸುನಂದಾ ಗಾಜಿಗೆ ಹಣೆ ಹಚ್ಚಿ ನಿಂತಳು. ಬಾಗಿಲು ಬಿಟ್ಟುಕೊಂಡಾಗ ಒಂದು ಗಂಟೆ ಹತ್ತು ನಿಮಿಷ. ಮೂವರೂ ಒದ್ದೆ ಚಾದರಗಳನ್ನು ಒಂದೊಂದಾಗಿ ಜಾಡಿಸಿದರು. ಒಂದು ದಿಂಬಿನ ಚೀಲದೊಳಗಿಂದ ಬಿಳಿ ಅರಿವೆ ಬಿತ್ತು. ಅದರಲ್ಲಿ ಏನೂ ಇರಲಿಲ್ಲ.

ಸುನಂದಾ ಬಾಯಿಗೆ ಸೆರಗು ಒತ್ತಿಕೊಂಡಳು. ನೇಪಾಳಿ ಹೆಂಗಸು ಮಾತ್ರ ಹುಡುಕುವುದನ್ನು ನಿಲ್ಲಿಸಲಿಲ್ಲ. ಬಾಗಿಲಿನ ರಬ್ಬರಿನ ಮಡಿಕೆಗಳಲ್ಲಿ ಬೆರಳಾಡಿಸುತ್ತಾ ಹೋಗಿ ಒಂದು ಕಡೆ ತಡೆದಳು. “ದೀದಿ.”

ಅವಳು ಹಿಡಿದು ಕೊಟ್ಟದ್ದನ್ನು ಸುನಂದಾ ಎಡ ಅಂಗೈ ಚಾಚಿ ಇಸಿದುಕೊಂಡಳು. ಒಂದು ಬದಿಯ ಕಂತಿ ಉಗುರಗಲ ಕಿತ್ತು ಒಳಗಿನ ಕಲ್ಲು ಕಾಣುತ್ತಿತ್ತು.

ಫರಹಾನಾ ಕೈ ಹಿಂದೆ ಕಟ್ಟಿಕೊಂಡು, ಮುಟ್ಟದೆ, ಬಗ್ಗಿ ನೋಡಿದಳು. “ಒಡದೈತೇನು?”

“ಕಲ್ಲು ಒಡದಿಲ್ಲ. ಕಂತಿ ಹೋಗೇತಿ.”

“ಅಂದ್ರ ನಡೀತೈತಲ್ಲ?”

“ಗೊತ್ತಿಲ್ಲ. ಅಯ್ಯನವರನ್ನ ಕೇಳಬೇಕು.”

“ಫೋನ್ ಹಚ್ಚು, ಈಗ ಕೇಳು.”

“ಬ್ಯಾಡ,” ಎಂದಳು ಸುನಂದಾ. “ನಡ್ಯಂಗಿಲ್ಲ ಅಂದ್ರ? ಊರಿಗೆ ಹೋಗಿ ಎದುರಿಗೆ ಕುಂತ ಕೇಳತೇನಿ.”

ಅಲ್ಲಿದ್ದ ನಲ್ಲಿಯ ತಣ್ಣೀರಿನಲ್ಲಿ ಲಿಂಗವನ್ನು ತೊಳೆದಳು. ಒದ್ದೆ ಅರಿವೆಯಲ್ಲೇ ಸುತ್ತಿ, ಎರಡು ಗಂಟು ಹಾಕಿ, ಮತ್ತೊಂದು ಗಂಟು ಹಾಕಿ ಕೊರಳಿಗೆ ಕಟ್ಟಿದಳು. ರವಿಕೆ ಎದೆಯ ಮೇಲೆ ನೆನೆದು ಕಪ್ಪಾಯಿತು.

ಗಾಡಿ ಬಂದು ನಿಂತಿತ್ತು. ಸುನಂದಾ ಎರಡೂ ಕೈ ಎದೆಗೊತ್ತಿ ಕುಳಿತಳು. ಬೆಲ್ಟು ಹಾಕಿಕೊಳ್ಳಿ ಎಂದು ಚಾಲಕ ಎರಡು ಸಲ ಸನ್ನೆ ಮಾಡಿದ. ಆಕೆ ಕೈ ತೆಗೆಯಲಿಲ್ಲ. ಫರಹಾನಾ ಅಡ್ಡ ಬಾಗಿ, ಗೆಳತಿಯ ಕೈಗಳಿಗೆ ತಾಗದ ಹಾಗೆ ಬೆಲ್ಟನ್ನು ಎಳೆದು ಸಿಕ್ಕಿಸಿದಳು.