ಟಿವಿಯೊಳಗಿನ ದೇಶ, ಕ್ಯಾಸೆಟ್ಟಿನೊಳಗಿನ ಮನೆ

"ಈ ಟಿವಿಯೊಳಗೆ ಒಂದು ದೇಶ ಉಂಟು" ಎಂದು ನನ್ನ ಗಂಡ ಹೇಳಿದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಅವನ ಹಣೆ ಮುಟ್ಟಿ ನೋಡಿದ್ದು. ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು ನಾನು. ಯಾರಾದರೂ ಇಲ್ಲದ್ದನ್ನು ಉಂಟು ಎಂದರೆ ಮೊದಲು ಜ್ವರ ನೋಡುವುದು ನಮ್ಮ ಅಭ್ಯಾಸ. ಜ್ವರವಿರಲಿಲ್ಲ. ಆಗ ನನ್ನ ಸಂಶಯ ಇನ್ನಷ್ಟು ಹೆಚ್ಚಾಯಿತು.

ಎಂಬತ್ತರ ದಶಕದ ನಡುವಿನ ವರ್ಷಗಳು. ಮದುವೆಯಾದ ಹೊಸತರಲ್ಲೇ ಗಲ್ಫಿಗೆ ಹೋಗಿದ್ದ ಗಂಡ, ಅಲ್ಲಿನ ಕೆಲಸ ಮುಗಿಯಿತೆಂದು ಗಂಟುಮೂಟೆ ಕಟ್ಟಿಕೊಂಡು ಬಂದಿದ್ದ. ನಡುವೆ ರಜೆಯಲ್ಲಿ ಬಂದು ಹೋದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರಜೆಯಲ್ಲಿ ಬರುವ ಗಂಡ ನೆಂಟನೇ ಸರಿ; ಅವನಿಗೆ ಇಡ್ಲಿಯಂಥ ಸನ್ನ, ಹಂದಿಮಾಂಸ ಮಾಡಿ ಬಡಿಸುವುದರಲ್ಲೇ ತಿಂಗಳು ಮುಗಿಯುತ್ತದೆ. ಈ ಸಲ ಹಾಗಲ್ಲ. "ಇನ್ನು ಹೋಗುವುದಿಲ್ಲ. ಇಲ್ಲೇ ಏನಾದ್ರೂ ಸಣ್ಣ ಬಿಸಿನೆಸ್ ಮಾಡ್ತೇನೆ" ಎಂದು ಬಜ್ಪೆಯ ವಿಮಾನ ನಿಲ್ದಾಣದಿಂದ ಮನೆಗೆ ಬರುವ ಟ್ಯಾಕ್ಸಿಯಲ್ಲೇ ಹೇಳಿದ್ದ. ನನಗೆ ಬೇಕಾಗಿದ್ದದ್ದು ಅದೊಂದೇ. ಬಲ್ಮಠದ ಇಳಿಜಾರಿನ ಆ ಹಂಚಿನ ಮನೆಯಲ್ಲಿ ಅಷ್ಟು ವರ್ಷ ಇದ್ದದ್ದು ನಾನು ಮತ್ತು ನನ್ನ ಅತ್ತೆ, ಇಬ್ಬರೇ. ಮಕ್ಕಳಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಇಗರ್ಜಿಯ ಅಂಗಳದಲ್ಲಿ ಕೇಳುವ ಹೆಂಗಸರಿಗೆ "ಕ್ಯಾಸೆಟ್ಟಿನಲ್ಲಿ ಮಕ್ಕಳಾಗುವುದಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಆ ಕ್ಯಾಸೆಟ್ಟಿನ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಗಂಡಸರು ಗಲ್ಫಿನಲ್ಲಿದ್ದ ನಮ್ಮಂಥ ಮನೆಗಳಲ್ಲಿ ಆಗ ಕಾಗದ ಬರೆಯುವುದಕ್ಕಿಂತ, ಮಾತಾಡಿ ಕ್ಯಾಸೆಟ್ ಕಳಿಸುವುದೇ ಹೆಚ್ಚು. ಊರಿಗೆ ಬಂದವರು ಯಾರಾದರೂ ವಾಪಸು ಹೊರಟರೆ ಅವರ ಕೈಯಲ್ಲಿ ಉಪ್ಪಿನಕಾಯಿಯ ಬಾಟಲಿಯ ಜೊತೆ ಒಂದು ಕ್ಯಾಸೆಟ್ ಕೊಡುವುದು. ಭಾನುವಾರ ಪೂಜೆ ಮುಗಿಸಿ ಬಂದು ನಾವಿಬ್ಬರೂ ರೆಕಾರ್ಡರಿನ ಮುಂದೆ ಕೂರುತ್ತಿದ್ದೆವು. ಅದಕ್ಕೊಂದು ಕ್ರಮವಿತ್ತು, ನಮ್ಮ ಮನೆಯಲ್ಲಿ ಮಾತ್ರವಲ್ಲ, ಎಲ್ಲರ ಮನೆಯಲ್ಲೂ. ಒಳ್ಳೆಯದನ್ನಷ್ಟೇ ಹೇಳುವುದು. ಅಷ್ಟು ದೂರದಲ್ಲಿ ಇದ್ದವನಿಗೆ ಮಾಡು ಸೋರುವ ಸುದ್ದಿ ಯಾಕೆ, ಹಿತ್ತಲಿನ ತಕರಾರು ಯಾಕೆ? ಟೇಪನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುವ ಒಂದು ಗುಂಡಿ ರೆಕಾರ್ಡರಿನಲ್ಲಿ ಇರುತ್ತದಲ್ಲ, ನನ್ನ ಬೆರಳು ಸದಾ ಅದರ ಮೇಲೆ. ಅತ್ತೆಗೆ ಹಳೆಯ ದಮ್ಮು. ಮಾತಿನ ನಡುವೆ ಕೆಮ್ಮು ಬರುತ್ತದೆ ಎಂದು ಗೊತ್ತಾದ ಕೂಡಲೇ ಅವರು ಬಲಗೈ ಎತ್ತುತ್ತಿದ್ದರು, ನಾನು ಒತ್ತಬೇಕು. ಕೆಮ್ಮಿ, ಬಿಸಿನೀರು ಕುಡಿದು, ಸೆರಗಿನಿಂದ ಬಾಯಿ ಒರಸಿಕೊಂಡು ಕೈ ಇಳಿಸಿದ ಮೇಲೆ ಮತ್ತೆ ಶುರು. "ನನಗೆ ಎಂತದೂ ಇಲ್ಲ ಮಗಾ. ಗುಂಡುಕಲ್ಲಿನ ಹಾಗೆ ಉಂಟು" ಎಂದು ಹೇಳುವಾಗ ಅವರ ಕಣ್ಣಲ್ಲಿ ಇನ್ನೂ ನೀರಿರುತ್ತಿತ್ತು. (ನಮ್ಮದು ಕೊಂಕಣಿ ಮಾತಾಡುವ ಮನೆ. ಓದುವವರಿಗೆ ತಿಳಿಯಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಹೀಗೆ ಒತ್ತಿ ಒತ್ತಿ ತಯಾರಾದ ಕ್ಯಾಸೆಟ್ಟಿನಲ್ಲಿ ಕೋಳಿ ಕೂಗುತ್ತಿತ್ತು, ಮಳೆ ಹದವಾಗಿ ಬೀಳುತ್ತಿತ್ತು, ಅತ್ತೆ ಸೊಸೆ ನಗುತ್ತಿದ್ದರು. ಒಂದರಲ್ಲಂತೂ ಅತ್ತೆ ಮದುವೆಯ ಹಾಡೊಂದನ್ನು ಎದೆತುಂಬಿ ಹಾಡಿದ್ದರು. ಕೇಳಿದರೆ ನನಗೇ ಆ ಮನೆಗೆ ಹೋಗಿ ಇದ್ದುಬಿಡುವ ಎಂದು ಆಗುತ್ತಿತ್ತು.

ಇನ್ನು ಟಿವಿಯ ದೇಶ. ಗಂಡ ತಂದ ಕಂಪ್ಯೂಟರ್ ಎಂಬುದು ಟೈಪ್‌ರೈಟರಿನ ಕೀಲಿಗಳನ್ನು ಮಾತ್ರ ಕಿತ್ತು ಪೆಟ್ಟಿಗೆಗೆ ಅಂಟಿಸಿದಂತಿತ್ತು. ಅದರ ಒಂದು ತಂತಿ ಟಿವಿಗೆ, ಇನ್ನೊಂದು ಕ್ಯಾಸೆಟ್ ರೆಕಾರ್ಡರಿಗೆ. "ಬಿಸಿನೆಸ್ಸಿನ ಲೆಕ್ಕಕ್ಕೆ ಬೇಕಾಗ್ತದೆ" ಎಂದಿದ್ದ. ಬಿಸಿನೆಸ್ಸೇ ಇಲ್ಲದಾಗ ಲೆಕ್ಕ ಯಾವುದಕ್ಕೆ ಎಂದು ನಾನು ಕೇಳಲಿಲ್ಲ, ಬಂದ ಹೊಸತು. ಕ್ಯಾಸೆಟ್ ಹಾಕಿದರೆ ಅದು ಬೆಕ್ಕಿನ ಬಾಲ ತುಳಿದಂತೆ ಬಹಳ ಹೊತ್ತು ಕಿರುಚುತ್ತಿತ್ತು. ಆಮೇಲೆ ಪರದೆಯ ಮೇಲೆ ಬೆಟ್ಟ, ಕಾಡು, ದೂರದಲ್ಲಿ ಒಂದು ಕೋಟೆ. ಕೆಳಗೆ ಇಂಗ್ಲಿಷಿನಲ್ಲಿ, ನೀನು ಇಂಥ ಕಡೆ ನಿಂತಿದ್ದೀ, ಉತ್ತರಕ್ಕೆ ನೋಡುತ್ತಿದ್ದೀ ಎಂಬ ಒಕ್ಕಣೆ. ನನ್ನ ಗಂಡ ಅದರಲ್ಲಿ ರಾಜಕುಮಾರನಂತೆ. ಹೊಟ್ಟೆ ಬಂದ, ಬನಿಯನ್ನಿನಲ್ಲಿ ಕೂತ ರಾಜಕುಮಾರ.

"ಇದರಲ್ಲಿ ಗೆಲ್ಲುವುದು ಹೇಗೆ?" ಎಂದು ಕೇಳಿದೆ.

"ಗೆಲ್ಲಲೇಬೇಕು ಅಂತ ಇಲ್ಲ ಮಾರಾಯ್ತಿ. ಎಲ್ಲಿಗೆ ಬೇಕಾದ್ರೂ ಹೋಗಬಹುದು. ಯಾರೂ ಕೇಳುವುದಿಲ್ಲ."

ಅದೇ ನನಗೆ ಸರಿಕಾಣಲಿಲ್ಲ. ಇಸ್ಪೀಟಿನಲ್ಲಾದರೂ ಯಾರೋ ಒಬ್ಬ ಗೆದ್ದರೆ ಎಲ್ಲರೂ ಎದ್ದು ಮನೆಗೆ ಹೋಗುತ್ತಾರೆ. ಗೆಲ್ಲುವುದೇ ಇಲ್ಲದ ಆಟದಿಂದ ಮನುಷ್ಯ ಏಳುವುದು ಯಾವಾಗ? ನನ್ನ ಗಂಡ ಏಳುತ್ತಿರಲಿಲ್ಲ. ಬೆಳಗಿನ ಚಹಾ ಕೂತಲ್ಲಿಗೇ, ಮಧ್ಯಾಹ್ನದ ಊಟ ತೊಡೆಯ ಮೇಲೆ. ಸಂಜೆ ತೇರ್ಸಿಗೆ, ಅಂದರೆ ಮನೆಮಂದಿ ಕೂಡಿ ಮಾಡುವ ಜಪಕ್ಕೆ ಕರೆದರೆ ಮೊಣಕಾಲೂರಿ ಕೂರುತ್ತಿದ್ದ, ಆದರೆ ಜಪಮಣಿ ಹಿಡಿದ ಬೆರಳು ಕೀಲಿ ಒತ್ತುವ ಬೆರಳಿನ ಹಾಗೆ ಆಡುತ್ತಿತ್ತು. ಒಂದು ಭಾನುವಾರ "ಹೊಳೆಯಾಚೆಯ ಬೆಂಗ್ರೆಗೆ ದೋಣಿಯಲ್ಲಿ ಹೋಗಿ ಬರುವ, ಮದುವೆಯಾದ ಹೊಸತರಲ್ಲಿ ಹೋದ ಹಾಗೆ" ಎಂದೆ. "ಇವತ್ತು ಆಗುವುದಿಲ್ಲ. ಇವತ್ತು ಹೊಳೆ ದಾಟಬೇಕು" ಎಂದ. ಯಾವ ಹೊಳೆ ಎಂದು ಕೇಳುವ ಮೊದಲೇ ನನಗೆ ಅರ್ಥವಾಯಿತು. ಅದು ಟಿವಿಯೊಳಗಿನ ಹೊಳೆ.

ಒಳಗೆ ಅತ್ತೆ ಕೆಮ್ಮಿದರೆ ನಾನು ಅಡಿಗೆಮನೆಯಿಂದ ಚಾವಡಿ ದಾಟಿ ಓಡುತ್ತಿದ್ದೆ. ಅವನು ಅಡ್ಡ ಚಾಚಿದ ಕಾಲು ಮಡಚಿಕೊಂಡು ದಾರಿ ಬಿಡುತ್ತಿದ್ದ. ಕಣ್ಣು ಮಾತ್ರ ಅಲ್ಲೇ.

ಪಕ್ಕದ ಮನೆಯವರು ತುಳುವಿನವರು, ಹೋಟೆಲ್ ನಡೆಸುವವರು. ಆ ಮನೆಯ ಯಜಮಾನಿ ಕರಿಬೇವು ಕೇಳುವ ನೆಪದಲ್ಲಿ ಬಂದು ಬಾಗಿಲಲ್ಲೇ ನಿಂತು ನೋಡಿದಳು. "ನಿನ್ನ ಗಂಡ ಅದರೊಳಗೆ ಎಂತ ಹುಡುಕುವುದು ಮಾರಾಯ್ತಿ?" ಎಂದು ಕೇಳಿದಳು. ನನಗೂ ಅದೇ ಬೇಕಿತ್ತು. ಗಲ್ಫಿನಲ್ಲಿ ಅವನಿಗೆ ಬೇರೆ ಸಂಸಾರ ಇದೆಯೋ, ವಾಪಸು ಹೋಗುವ ಮನಸ್ಸಿದೆಯೋ, ಹೇಳಲಾಗದೆ ಈ ಪೆಟ್ಟಿಗೆಯ ಹಿಂದೆ ಅಡಗಿದ್ದಾನೋ ಎಂದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ವಾರ್ಡಿನಲ್ಲಿ ನಾನು ಕಂಡದ್ದೂ ಅದೇ. ನೋವು ಒಂದು ಕಡೆ ಇದ್ದರೆ ರೋಗಿ ಕೈ ಇಡುವುದು ಇನ್ನೊಂದು ಕಡೆ.

ಕೊನೆಗೆ ನಾನೇ ಒಳಹೊಕ್ಕು ನೋಡುವುದೆಂದು ತೀರ್ಮಾನಿಸಿದೆ. ಒಂದು ಮಧ್ಯಾಹ್ನ ಅವನು ಅಂಗಡಿ ಕೋಣೆಯೊಂದನ್ನು ನೋಡಲು ಹಂಪನಕಟ್ಟೆಗೆ ಹೋಗಿದ್ದ. ನನಗೆ ಡ್ಯೂಟಿ ಇರಲಿಲ್ಲ. ಒಲೆಯ ಮೇಲೆ ಅನ್ನಕ್ಕಿಟ್ಟು, ಕ್ಯಾಸೆಟ್ ಹಾಕಿ, ಅವನು ಮಾಡಿದ ಹಾಗೆಯೇ ಮಾಡಿದೆ. ಬೆಟ್ಟ ಬಂತು. ಅವನ ಗುಟ್ಟು ಕಂಡುಹಿಡಿಯುವ ಪೊಲೀಸಿನವಳ ಹಾಗೆ ಪೂರ್ವಕ್ಕೆ ಹೊರಟೆ. ಒಂದು ಸೇತುವೆ. ಸೇತುವೆಯಾಚೆ ಒಬ್ಬ ಮುದುಕನ ಗುಡಿಸಲು. ಅವನು ಯಾವುದೋ ಕಾಡಿನ ವಿಷಯ ಹೇಳಿದ. ಆ ಕಾಡು ಎಲ್ಲಿ ಎಂದು ನೋಡಲು ಗುಡ್ಡ ಹತ್ತಿದೆ. ಹತ್ತಿದರೆ ಇನ್ನೊಂದು ಗುಡ್ಡ, ಅದರಾಚೆ ಏನೋ ಮಿನುಗುತ್ತಿದೆ. ನೋಡಿಯೇ ಬಿಡುವ ಎಂದುಕೊಂಡೆ. ಸಂತೋಷವಾಗಿತ್ತು ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಮದುವೆಗೆ ಮೊದಲು ಅಪ್ಪನನ್ನು, ಆಮೇಲೆ ಮೇಟ್ರನ್‌ರನ್ನು, ಅತ್ತೆಯನ್ನು ಕೇಳದೆ ನಾನು ಎಲ್ಲಿಗೂ ಹೋದವಳಲ್ಲ. ಇಲ್ಲಿ ಕೇಳುವವರೇ ಇಲ್ಲ, ದಾರಿಯೂ ಮುಗಿಯುವುದಿಲ್ಲ.

ಯಾರೋ ಭುಜ ಹಿಡಿದು ಅಲುಗಾಡಿಸಿದರು. ಅತ್ತೆ. ಹಿಂದೆ ಅಡಿಗೆಮನೆಯ ತುಂಬ ಹೊಗೆ. "ಎಷ್ಟು ಸಲ ಕರೆಯುವುದು ನಿನ್ನನ್ನು? ಅನ್ನ ಕರಟಿಹೋಯ್ತು" ಎಂದವರು ಅಲ್ಲೇ ಕುಸಿದು ಕೆಮ್ಮತೊಡಗಿದರು. ವಾರ್ಡಿನ ಆಚೆ ತುದಿಯಲ್ಲಿ ಒಬ್ಬರ ಉಸಿರು ಬದಲಾದರೆ ಈಚೆ ತುದಿಯಿಂದ ಗುರುತಿಸುವವಳು ನಾನು. ನನಗೇ ಕೇಳಿಸಲಿಲ್ಲ ಎಂದರೆ ಅದು ಸಣ್ಣ ವಿಷಯವಲ್ಲ. ಆ ದಿನದಿಂದ ಪೆಟ್ಟಿಗೆಯನ್ನು ಕಂಡರೆ ನನಗೆ ಸಿಟ್ಟಿನ ಜೊತೆ ಹೆದರಿಕೆಯೂ ಹುಟ್ಟಿತು.

ಮಳೆಗಾಲ ಮುಗಿಯುತ್ತ ಬಂದಿತ್ತು. ಅತ್ತೆಯ ಎದೆ ಆ ವರ್ಷ ತೀರ ಹದಗೆಟ್ಟು, ನಾಲ್ಕು ಮಾತಾಡಿದರೆ ಏದುಸಿರು. ಒಂದು ಸಂಜೆ ಅವರಿಗೆ ಯಾಕೋ ತಾವು ಹಿಂದೆ ಹಾಡಿದ್ದ ಮದುವೆಯ ಹಾಡು ಕೇಳಬೇಕೆನಿಸಿತು. ಗಂಡ ನಮ್ಮ ಕ್ಯಾಸೆಟ್ಟುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿ ವಾಪಸು ತಂದಿದ್ದ. ಅದರಲ್ಲಿ ಹುಡುಕಿ, ನನ್ನ ಕೈಬರಹದಲ್ಲಿ 'ಮನೆ, ಹಾಡು' ಎಂದಿದ್ದದ್ದನ್ನು ತೆಗೆದು ಹಾಕಿದೆ. ಬಾಲ ತುಳಿದ ಬೆಕ್ಕು ಕಿರುಚಿತು. ತಿರುಗಿಸಿ ಹಾಕಿದೆ, ಮುಂದೆ ಓಡಿಸಿದೆ. ಉದ್ದಕ್ಕೂ ಅದೇ. ಅವನ ಆಟ ಕರೆಂಟು ಹೋದರೆ ಅಳಿಸಿಹೋಗುತ್ತಿತ್ತು; ಅದಕ್ಕೆ ನಡುನಡುವೆ ಅದನ್ನು ಕ್ಯಾಸೆಟ್ಟಿಗೆ ತುಂಬಿಡಬೇಕು. ಅತ್ತೆಯ ಹಾಡಿನ ಮೇಲೆ ಅವನು ತನ್ನ ದೇಶವನ್ನು ತುಂಬಿಟ್ಟಿದ್ದ.

ಅತ್ತೆ ಒಳಗೆ ಹೋಗಿ ಮಲಗಿದರು. ನಾನು ಸುಮ್ಮನಿರಲಿಲ್ಲ. ಟಿವಿಯ ತಂತಿ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ, "ನಿಮಗೆ ಬೇರೆ ಕ್ಯಾಸೆಟ್ ಸಿಗಲಿಲ್ಲವಾ?"

"ಕರೆಂಟ್ ಮಿಣಮಿಣ ಅಂತಿತ್ತು. ಕೈಗೆ ಸಿಕ್ಕಿದ್ದು ಹಾಕಿದೆ. ನೋಡಲಿಲ್ಲ."

"ಅಲ್ಲಿ ಎಂತ ಉಂಟು ಹೇಳಿ. ಈ ಮನೆಯಲ್ಲಿ ಇಲ್ಲದ್ದು ಅಲ್ಲಿ ಎಂತ ಉಂಟು?"

ಅವನು ಕಪ್ಪಾದ ಪರದೆಯನ್ನೇ ನೋಡುತ್ತ ಸಿಟ್ಟಿಲ್ಲದೆ ಹೇಳಿದ, "ಅಲ್ಲಿ ಎಲ್ಲ ಬಿಟ್ಟಲ್ಲೇ ಇರ್ತದೆ. ಸೇತುವೆ ಹತ್ತಿರ ಮುದುಕನನ್ನು ಬಿಟ್ಟು ಹೋದ್ರೆ, ವಾಪಸು ಬಂದಾಗ ಅವನು ಅಲ್ಲೇ. ಗಲ್ಫಿನ ಕ್ಯಾಂಪಿನಲ್ಲಿ ನಿಮ್ಮ ಕ್ಯಾಸೆಟ್ ಹಾಕಿ, ಕಣ್ಣು ಮುಚ್ಚಿ, ಈ ಮನೆಯೊಳಗೆ ತಿರುಗಾಡ್ತಿದ್ದೆ ನಾನು. ಬಾವಿಕಟ್ಟೆ, ಹಲಸಿನ ಮರ, ಕೋಳಿಗೂಡು. ಇಲ್ಲಿ ಬಂದು ನೋಡಿದ್ರೆ ಮರ ಇಲ್ಲ, ಬಾವಿಗೆ ಮುಚ್ಚಳ ಬಿದ್ದಿದೆ, ನೀನು ಮಾತು ಮಾತಿಗೆ ಸಿಡುಕ್ತೀ. ಕ್ಯಾಸೆಟ್ಟಿನ ಮನೆ ಎಲ್ಲಿ ಹೋಯ್ತು?"

ನನ್ನ ಕೈಯಲ್ಲಿದ್ದ ತಂತಿಯನ್ನು ಮೇಜಿನ ಮೇಲಿಟ್ಟೆ.  ಅವನಿಗೆ ಬೇರೆ ಸಂಸಾರ ಇದೆಯೆಂಬ ನನ್ನ ಗುಮಾನಿ ಸುಳ್ಳಾಗಿರಲಿಲ್ಲ. ಆ ಸಂಸಾರದಲ್ಲಿದ್ದವರೂ ನಾವೇ, ಕೆಮ್ಮದ ಅತ್ತೆ ಮತ್ತು ಸಿಡುಕದ ಹೆಂಡತಿ. ಅಷ್ಟು ಚಂದದ ಮನೆಯಲ್ಲಿ ವರ್ಷಗಟ್ಟಲೆ ಇದ್ದವನು ಈ ಸೋರುವ ಮನೆಗೆ ಹೊಂದಿಕೊಳ್ಳುವುದು ಹೇಗೆ? ಬೆಟ್ಟ ಕಾಡುಗಳ ದೇಶ ಅವನಿಗೆ ಎರಡನೆಯದು; ಮೊದಲನೆಯದು ಕ್ಯಾಸೆಟ್ಟಿನ ಮನೆ.

ಅಂಗಡಿ ಕೋಣೆ ಕುದುರಲಿಲ್ಲ. ಕ್ರಿಸ್ಮಸ್ ಕಳೆದ ಮೇಲೆ ಹಳೆಯ ಕಂಪೆನಿಯಿಂದ ಕರೆ ಬಂತು, ಅವನು ಹೊರಟ. ಹೋಗಬೇಡಿ ಎಂದು ಅತ್ತು ಕೇಳಿದೆ. "ಸ್ವಲ್ಪ ಸಮಯ ಅಷ್ಟೆ" ಎಂದ. ಹೊರಡುವ ದಿನ ಅತ್ತೆ ಮಗನ ಹಣೆಗೆ ಶಿಲುಬೆಯ ಗುರುತು ಹಾಕಿ, ಬಂದ ಕೆಮ್ಮನ್ನು ಸೆರಗಿನೊಳಗೇ ನುಂಗಿಕೊಂಡರು. ಪೆಟ್ಟಿಗೆ ಇಲ್ಲೇ ಉಳಿಯಿತು.

ಒಂದು ದಿನ, ಅವನು ತನ್ನ ದೇಶ ತುಂಬಿಟ್ಟಿದ್ದ ಆ 'ಮನೆ, ಹಾಡು' ಕ್ಯಾಸೆಟ್ ಹಾಕಿ ನೋಡಿದೆ. ಬೆಟ್ಟದ ಮೇಲೆ ರಾಜಕುಮಾರ ಬಿಟ್ಟಲ್ಲೇ ನಿಂತಿದ್ದ. ನಾನು ಒತ್ತಿದ ಕಡೆಗೆ ತಿರುಗಿದ. ಮನೆಯಲ್ಲಿದ್ದಾಗ ಹೀಗೆ ಒಂದು ದಿನವೂ ತಿರುಗಿದವನಲ್ಲ. ಅವನನ್ನು ಅಲ್ಲೇ ನಿಲ್ಲಿಸಿಕೊಂಡು ದಿನಾ ನೋಡುತ್ತ ಕೂರಬಹುದಿತ್ತು, ಆ ಆಸೆಯೂ ಬಂತು. ಮುಂದಿನ ಭಾನುವಾರ ಅದೇ ಕ್ಯಾಸೆಟ್ಟನ್ನು ರೆಕಾರ್ಡಿಗೆ ಹಾಕಿದೆ.

ಅತ್ತೆ ಎಂದಿನಂತೆ "ನನಗೆ ಎಂತದೂ ಇಲ್ಲ ಮಗಾ" ಎಂದು ಶುರು ಮಾಡಿದರು. ಅರ್ಧಕ್ಕೆ ಕೈ ಎತ್ತಿದರು. ನಾನು ಒತ್ತಲಿಲ್ಲ. ಕೈಯನ್ನು ಇನ್ನೂ ಮೇಲೆತ್ತಿ ಕಣ್ಣು ಬಿಟ್ಟರು. ಬೆರಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕೆಮ್ಮು ಬಂತು, ನಿಂತಿತು, ಮತ್ತೆ ಬಂತು. ನೀರಿನ ಲೋಟದ ಸದ್ದು, ನಾನು ಬೆನ್ನು ನೀವುವ ಸದ್ದು, ಸಿಳ್ಳೆಯಂತೆ ಎಳೆಯುವ ಉಸಿರು. ಕೊನೆಗೆ "ನಿನಗೆ ಹುಚ್ಚು ಉಂಟಾ?" ಎಂದು ಅತ್ತೆ ಬೈದದ್ದು. ಎಲ್ಲವೂ ಅದರಲ್ಲಿ ಹೋಯಿತು. ಊರಿಗೆ ಬಂದಿದ್ದ ಒಬ್ಬರು ವಾಪಸು ಹೋಗುವಾಗ ಉಪ್ಪಿನಕಾಯಿಯ ಜೊತೆ ಕೊಟ್ಟು ಕಳಿಸಿದೆ.

ಅವನ ಉತ್ತರದ ಕ್ಯಾಸೆಟ್ ಬಂದಾಗ ಸೆಕೆ ಶುರುವಾಗಿತ್ತು. ಚಾವಡಿಯಲ್ಲಿ ಇಬ್ಬರೂ ಕೂತು ಕೇಳಿದೆವು. ಮೊದಲು ಹವೆಯ ವಿಷಯ, ಕ್ಯಾಂಪಿನ ಊಟದ ವಿಷಯ. ಆಮೇಲೆ ಒಮ್ಮೆಗೇ ಅವನ ಮಾತಿನ ವೇಗ ಹೆಚ್ಚಾಯಿತು. ಗಾಬರಿ ನಿಜವೇ, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ.

"ಅಮ್ಮಾ, ನಿನಗೆ ಇಷ್ಟು ಜೋರು ಕೆಮ್ಮು ಯಾವಾಗ ಶುರುವಾದದ್ದು? ನಾನು ಮನೆಯಲ್ಲಿ ಇದ್ದಾಗ ಇರಲಿಲ್ಲವಲ್ಲ. ಇದ್ದಿದ್ರೆ ನಾನು ಹೋಗ್ತಿದ್ದೆನಾ?"

ಅತ್ತೆ ನನ್ನ ಕಡೆ ನೋಡಲಿಲ್ಲ. ಕೆಮ್ಮು ಬಂದಿರಲಿಲ್ಲ, ಆದರೂ ಬಲಗೈ ಎತ್ತಿದರು. ಈ ಸಲ ನಾನು ಗುಂಡಿ ಒತ್ತಿದೆ.