ಮರಿಯಮಬೀಗೆ ನೀರು ಹಾಕುವವರು

ಬೀದರಿನ ಮಂಗಲಪೇಟದಲ್ಲಿ ನಮ್ಮ ಹಿಂದಿನ ಗಲ್ಲಿಯ ಮರಿಯಮಬೀ ಬಳೆ ಮಾರುತ್ತಾಳೆ. ಯಾರ ಮನೆಯಲ್ಲಾದರೂ ಹೆಂಗಸು ತೀರಿಕೊಂಡ ಸುದ್ದಿ ಬಂದರೆ ಬಳೆಯ ಬುಟ್ಟಿ ಮುಚ್ಚಿಟ್ಟು ಶವಕ್ಕೆ ಸ್ನಾನ ಮಾಡಿಸಲು ಹೋಗುತ್ತಾಳೆ. ಮುಸಲ್ಮಾನರಲ್ಲಿ ಅದಕ್ಕೆ ಗುಸುಲ್ ಎನ್ನುತ್ತಾರೆ. ಹೆಂಗಸಿಗೆ ಹೆಂಗಸರೇ ಮಾಡಿಸಬೇಕು. ತನ್ನಿಂದ ಬಳೆ ಇಡಿಸಿಕೊಂಡ ಕೈಗಳಿಗೇ ಕೊನೆಗೆ ನೀರನ್ನೂ ಹಾಕಿದವಳು ಅವಳು. ಇದಕ್ಕಾಗಿ ಯಾರಿಂದಲೂ ಏನನ್ನೂ ಪಡೆದವಳಲ್ಲ.

ನಾನು ಸುಜಿ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು, ಮೆಥಡಿಸ್ಟ್ ಚರ್ಚಿನವಳು. ನನ್ನ ನಾಲಿಗೆ ಖಾರ ಎಂದು ಓಣಿಯವರು ಹೇಳುತ್ತಾರೆ, ಅದು ಸುಳ್ಳೇನಲ್ಲ. ಮರಿಯಮಬೀಗೂ ನನಗೂ ಗೆಳೆತನ ಬೆಳೆದದ್ದು ಒಂದೇ ಕಾರಣಕ್ಕೆ. ಒಬ್ಬರ ಮೈಮೇಲೆ ಕಂಡದ್ದನ್ನು ಇನ್ನೊಬ್ಬರ ಮುಂದೆ ಆಡಬಾರದು ಎಂಬುದು ನಮ್ಮಿಬ್ಬರ ಕೆಲಸದಲ್ಲೂ ಇತ್ತು. ಹಾಗಾಗಿ ನಾವು ಕೂತರೆ ಮಾತಾಡಲು ಬೇರೆ ಏನಾದರೂ ಹುಡುಕಬೇಕಾಗುತ್ತಿತ್ತು, ಹುಡುಕುತ್ತಿದ್ದೆವು.

ನಮ್ಮವರಲ್ಲಿ ಹಿಂದೆ ಸಾವಾದರೆ ಬಡಗಿ ಬಂದು ಅಳತೆ ತೆಗೆದುಕೊಂಡು ಹೋಗುತ್ತಿದ್ದ. ಪೆಟ್ಟಿಗೆ ಸಿದ್ಧವಾಗುವವರೆಗೆ ಮನೆಯ ಹೆಂಗಸರೇ ಮೈ ತೊಳೆದು, ಬಿಳಿ ಸೀರೆ ಉಡಿಸಿ, ಪಕ್ಕದಲ್ಲಿ ಕೂತು ಹಾಡುತ್ತಿದ್ದರು. ಈಗ ಒಂದು ಫೋನಿಗೆ ಪೆಟ್ಟಿಗೆ, ಹೂವು, ಗಾಡಿ ಎಲ್ಲ ಒಟ್ಟಿಗೆ ಬರುತ್ತವೆ, ನಮಗೆ ಕೂತು ಅಳುವುದಷ್ಟೇ ಉಳಿದಿದೆ. ಮುಸಲ್ಮಾನರ ಓಣಿಗೂ ತಂಪಿನ ಪೆಟ್ಟಿಗೆ ಬಂದಿದೆ. ದುಬೈಯಿಂದ ಮಗ ಬರುವ ತನಕ ತಾಯಿ ಅದರಲ್ಲಿ ಕಾಯುತ್ತಾಳೆ. ಆದರೆ ಗುಸುಲ್ ಮಾತ್ರ ಇಂದಿಗೂ ಕೈಯಿಂದಲೇ ಆಗಬೇಕು, ಆ ಕೈಗಳು ಮಾತ್ರ ಕಡಿಮೆಯಾಗುತ್ತಾ ಬಂದಿವೆ.

ಮರಿಯಮಬೀ ಹುಟ್ಟಿದ್ದು ಔರಾದ ತಾಲೂಕಿನ ಡಾಬಕಾದಲ್ಲಿ. ಅವಳು ಸಣ್ಣವಳಿದ್ದಾಗ ಮಳೆಗಾಲದಲ್ಲಿ ತಾಯಿ ಸತ್ತಳು. ಗುಸುಲ್ ಬಲ್ಲ ಹೆಂಗಸರು ಹಳ್ಳದ ಆಚೆ, ಹಳ್ಳ ತುಂಬಿ ಹರಿಯುತ್ತಿತ್ತು. ಮನೆಯಲ್ಲಿ ಈ ಹುಡುಗಿಯ ಹೊರತು ಹೆಣ್ಣೆಂಬುದು ಇರಲಿಲ್ಲ. ಗಂಡಸರು ನೀರು ಹಾಕುವಂತಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಒಣ ಮಣ್ಣು ಮುಟ್ಟಿ, ಸತ್ತವಳ ಮುಖಕ್ಕೂ ಕೈಗಳಿಗೂ ಸವರಿ ಹೂಳಲು ಒಯ್ದರು. ಅಂಥ ಹೊತ್ತಿಗೆ ಧರ್ಮದಲ್ಲಿ ಅದಕ್ಕೆ ಅವಕಾಶವಿದೆ, ತಪ್ಪೇನಲ್ಲ. ಅದು ಮರಿಯಮಬೀಗೂ ಗೊತ್ತು.

“ಹೊರಗ ಅಷ್ಟ ಮಳಿ ಬೀಳ್ಲಾಕತ್ತಿತ್ರಿ ಸಿಸ್ಟರ್,” ಎಂದು ಅವಳು ನನಗೆ ಒಮ್ಮೆ ಹೇಳಿದ್ದಳು. “ನಮ್ಮವ್ವಗ ಒಂದ ತಂಬಿಗಿ ನೀರ ಸಿಗಲಿಲ್ಲ.”

ಮದುವೆಯಾಗಿ ಬೀದರಿಗೆ ಬಂದ ಮೇಲೆ ಅವಳು ಈ ಕೆಲಸ ಕಲಿತದ್ದು ಅದಕ್ಕೇ. ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಮೂಳೆ ಸೊಟ್ಟಗೆ ಕೂಡಿಕೊಂಡು ಹಿಡಿತ ಹೋಯಿತು. ಜೊತೆಗೆ ಬರುತ್ತಿದ್ದ ಅವಳ ನಾದಿನಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಅಂದಿನಿಂದ ಮರಿಯಮಬೀಗೆ ಒಂದೇ ಚಿಂತೆ, ಊರವರಿಗೆಲ್ಲ ನೀರು ಹಾಕಿದೆ, ನನಗೆ ಯಾರು? ಪರಿಚಯವಿಲ್ಲದ ಯಾರೋ ಬಂದು ಅವಸರದಲ್ಲಿ ಎರಡು ಚೊಂಬು ಸುರಿದು ಹೋಗುತ್ತಾರೆ ಎಂಬ ಅಂಜಿಕೆ ಅವಳ ನಿದ್ದೆ ಕೆಡಿಸಿತು. ಊರು ಹೋಗೆನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂದು ನಾನು ತಮಾಷೆ ಮಾಡಿದರೆ ಮೊದಲಿನಂತೆ ನಗುತ್ತಿರಲಿಲ್ಲ.

ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ. ಬಾಡಿಗೆ ಕಾರು ಓಡಿಸುವ ಮಗ ಅಯ್ಯುಬ, ಸೊಸೆ ತಬಸ್ಸುಮ, ಇಷ್ಟೇ. ತಬಸ್ಸುಮ ಲೇಡೀಸ್ ಬ್ಯೂಟಿ ಪಾರ್ಲರಿನಲ್ಲಿ ದಿನವಿಡೀ ಹೆಂಗಸರ ತಲೆ ತೊಳೆಯುತ್ತಾಳೆ. ಕೆಟ್ಟವಳಲ್ಲ, ಆದರೆ ಮಹಾ ಪುಕ್ಕಲಿ. ಅತ್ತೆ ಗುಸುಲ್ ಮುಗಿಸಿ ಬಂದ ದಿನ ಅವಳ ಕೈಯಿಂದ ಚಹಾದ ಕಪ್ಪನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮರಿಯಮಬೀ ಆ ಚಹಾ ತಾನೇ ಕುಡಿಯುತ್ತಿದ್ದಳು, ನನಗೇ ಸಿಟ್ಟು ಬರುತ್ತಿತ್ತು.

ಕಳೆದ ಚಳಿಗಾಲದಲ್ಲಿ ಭಾಲ್ಕಿ ತಾಲೂಕಿನ ಸಾಯಗಾಂವದಿಂದ ನನಗೆ ಫೋನ್ ಬಂತು. ನನ್ನ ವಾರ್ಡಿನಲ್ಲಿ ಆಯಾ ಆಗಿದ್ದ ಅನ್ವರಿ ಬೇಗಂ ತೀರಿಕೊಂಡಿದ್ದಳು. ಅಲ್ಲಿ ಗುಸುಲ್ ಮಾಡಿಸುವವಳು ಮಗಳ ಬಾಣಂತನಕ್ಕೆಂದು ಉದಗೀರಿಗೆ ಹೋಗಿದ್ದಾಳೆ, ಮರಿಯಮಬೀ ಖಾಲಾರನ್ನು ಕರೆತನ್ನಿ ಎಂದು ಅನ್ವರಿಯ ಮಗಳು ಗುಡಿಯಾ ಅತ್ತಳು.

“ಒಂದ ಕೈಲೆ ಹ್ಯಾಂಗ ಆಗ್ತದ್ರಿ?” ಎಂದಳು ಮರಿಯಮಬೀ.

“ನೀ ಬಾಯಿಲೆ ಹೇಳು, ಮಕ್ಕಳು ಮಾಡ್ತಾರ,” ಎಂದೆ ನಾನು, ದೊಡ್ಡ ಶಾಣ್ಯಾಳಂತೆ.

ಅಯ್ಯುಬನ ಕಾರಿನಲ್ಲಿ ಹೊರಟೆವು. ಅತ್ತೆಯನ್ನು ಹತ್ತಿಸಿ ಇಳಿಸಲು ತಬಸ್ಸುಮಳೂ ಬಂದಳು, ಸಾಯಗಾಂವದಲ್ಲಿ ಕಾರು ಬಿಟ್ಟು ಇಳಿಯುವುದಿಲ್ಲ ಎಂಬ ಕರಾರಿನ ಮೇಲೆ.

ಅಲ್ಲಿ ನನ್ನ ಶಾಣ್ಯಾತನ ಮಣ್ಣುಗೂಡಿತು. ಒಬ್ಬ ಮಗಳು ತುಂಬು ಬಸುರಿ, ಹಿರಿಯರು ಅವಳನ್ನು ಹತ್ತಿರ ಬಿಡಲಿಲ್ಲ. ಗುಡಿಯಾ ಪರದೆಯೊಳಗೆ ಕಾಲಿಟ್ಟವಳೇ ತಾಯಿಯ ಮುಖ ನೋಡಿ ಬವಳಿ ಬಂದು ಬಿದ್ದಳು. ಅಂಗಳದಲ್ಲಿ ಸೀರೆಗಳನ್ನು ಕಟ್ಟಿ ಮಾಡಿದ ಪರದೆ, ಒಳಗೆ ಮಸೀದಿಯಿಂದ ತಂದ ಹಲಗೆ, ಬೋರೆ ಗಿಡದ ಎಲೆ ಹಾಕಿ ಕಾಯಿಸಿದ ನೀರು, ಕರ್ಪೂರ, ಹೆಂಗಸರಿಗೆ ಬೇಕಾದ ಐದು ತುಂಡಿನ ಕಫನ್ ಬಟ್ಟೆ ಎಲ್ಲ ಸಿದ್ಧವಿತ್ತು. ಸಂಜೆಯ ನಮಾಜಿಗೆ ಮೊದಲೇ ಒಯ್ಯಬೇಕೆಂದು ಗಂಡಸರು ಹೊರಗೆ ಅವಸರ ಮಾಡುತ್ತಿದ್ದರು. ಮರಿಯಮಬೀ ಪರದೆ ಸರಿಸಿ ಹೊರಗೆ ಬಂದು ಜಪಮಣಿ ಹಿಡಿದು ಪ್ರಾರ್ಥನೆ ಓದುತ್ತಾ ಕೂತಿದ್ದ ಹೆಂಗಸರನ್ನು ಕೇಳಿದಳು.

“ಯಾರರ ಒಬ್ಬರು ಬರ್ರಿ. ತಲಿ ಹಿಡೀಲಿಕ್ಕ.”

ಎಲ್ಲರ ಕಣ್ಣೂ ಜಪದ ಮಣಿಗೆ ಅಂಟಿಕೊಂಡವು. ನಾನೇ ಎದ್ದು ನಿಂತೆ.

“ನೀವ ಬ್ಯಾಡ್ರಿ ಸಿಸ್ಟರ್. ನಮ್ಮೋರ ಮಾಡಬೇಕ್ರಿ ಇದು,” ಎಂದಳು ಮರಿಯಮಬೀ. ಸೊಟ್ಟ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಪರದೆಯ ಕಡೆಗೆ ತಿರುಗಿ ನೋಡಿದಳು. ಅನ್ವರಿಗಿಂತ ಹೆಚ್ಚಾಗಿ ಅವಳು ತನ್ನನ್ನೇ ಆ ಹಲಗೆಯ ಮೇಲೆ ಕಾಣುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ನೆಟ್ಟಗೆ ಕಾರಿನ ಹತ್ತಿರ ಹೋದೆ.

“ಇಳಿ ತಬಸ್ಸುಮ. ನಿಮ್ಮತ್ತಿ ಒಂದ ಕೈಲೆ ಹೆಣ ಎತ್ತಲಿಕ್ಕ ಹೋಗಿ ಇನ್ನೊಂದೂ ಮುರಕೋತಾಳ. ಆಮ್ಯಾಲ ದಿನಾ ತುತ್ತು ಮಾಡಿ ಉಣಸಾಕಿ ನೀನ ನೋಡು.”

ಅವಳು ಅಳುಮೋರೆ ಮಾಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಳು. “ತಲಿ ಅಷ್ಟ ಹಿಡೀತೇನ್ರಿ. ಕಣ್ಣ ತೆರೆಯಂಗಿಲ್ಲ,” ಎಂದಳು.

ನಾನು ಹೆಂಗಸರ ನಡುವೆ ಕೂತೆ. ಪರದೆಯೊಳಗೆ ಮರಿಯಮಬೀ ದಖನಿ ಉರ್ದುವಿನಲ್ಲಿ ಮೆಲ್ಲಗೆ ಹೇಳಿಕೊಡುತ್ತಿದ್ದಳು. ನೀರು ಬಿದ್ದ ಸದ್ದಾಯಿತು. ಮರುಕ್ಷಣವೇ ತಬಸ್ಸುಮಳ ದನಿ ಇಡೀ ಅಂಗಳಕ್ಕೆ ಕೇಳುವಂತೆ ಅಚ್ಚ ಕನ್ನಡದಲ್ಲಿ ಬಂತು.

“ನೀರ ಭಾಳ ಬಿಸಿ ಆತೇನ್ರಿ ಮೇಡಂ?”

ಒಬ್ಬ ಮುದುಕಿ “ತೌಬಾ, ತೌಬಾ” ಎಂದು ಕೆನ್ನೆ ಬಡಿದುಕೊಂಡಳು. ನಾನು ತಲೆ ಮೇಲೆತ್ತಲಿಲ್ಲ. ಇನ್ನು ಈ ಹುಡುಗಿ ಚೊಂಬು ಬಿಸಾಡಿ ಓಡುತ್ತಾಳೆ, ನಾವೆಲ್ಲ ಇಲ್ಲಿಂದ ಬೈಸಿಕೊಂಡು ಹೋಗುತ್ತೇವೆ ಎಂದುಕೊಂಡೆ.

“ಹದಾ ಅದ ಬೇಟಾ. ಹಾಕು,” ಎಂದಳು ಮರಿಯಮಬೀ. ಸತ್ತವಳ ಪರವಾಗಿ ಉತ್ತರ ಕೊಟ್ಟವಳ ಹಾಗೆ.

ಮತ್ತೆ ನೀರಿನ ಸದ್ದಾಯಿತು. ಅನ್ವರಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಳು, ಕೂದಲು ಜಡೆಗಟ್ಟಿತ್ತು. ಸತ್ತವರ ತಲೆಗೆ ಬಾಚಣಿಗೆ ಹಚ್ಚುವ ಪದ್ಧತಿ ಇವರಲ್ಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಬಸ್ಸುಮಳೇ ಇನ್ನಷ್ಟು ನೀರು ಕೇಳಿದಳು, ಆಮೇಲೆ ಮತ್ತಷ್ಟು. ಬೆರಳಿನಿಂದಲೇ ಸಿಕ್ಕು ಬಿಡಿಸುತ್ತಿದ್ದಾಳೆಂದು ನನಗೆ ತಿಳಿಯಿತು. ಹೊರಗೆ ಗಂಡಸರು ಕೆಮ್ಮಿದರು. “ಕೂದಲಾ ಬಿಡಸ್ಲಿಕ್ಕತ್ತೇನ್ರಿ, ಸ್ವಲ್ಪ ತಡೀರಿ,” ಎಂದು ಪುಕ್ಕಲಿ ಒಳಗಿನಿಂದ ಗದರಿದಳು.

ಕಫನ್ ಸುತ್ತುವ ಮೊದಲು ಗುಡಿಯಾಳನ್ನು ಒಳಗೆ ಕರೆದರು. ಕೂದಲು ಎರಡು ಪಾಲಾಗಿ ಎದೆಯ ಮೇಲೆ ನುಣ್ಣಗೆ ಮಲಗಿತ್ತಂತೆ. ಈ ಸಲ ಅವಳಿಗೆ ಬವಳಿ ಬರಲಿಲ್ಲ. ಹೊರಗೆ ಬಂದು, “ಅಮ್ಮಿ ಡ್ಯೂಟಿಗಿ ಹೊಂಟಾಗ ಹಿಂಗ ಕಾಣ್ತಿದ್ಳರಿ,” ಎಂದು ನನ್ನ ಹೆಗಲ ಮೇಲೆ ತಲೆಯಿಟ್ಟಳು. ನಾನೂ ಅತ್ತುಬಿಟ್ಟೆ.

ಮರಳುವಾಗ ಭಾಲ್ಕಿಯಲ್ಲಿ ಚಹಾಕ್ಕೆ ನಿಂತೆವು. ಮರಿಯಮಬೀ ಎಡಗೈಯಿಂದ ಕಪ್ಪು ಚಾಚಿದಳು. ತಬಸ್ಸುಮ ತೆಗೆದುಕೊಂಡು ಕುಡಿದಳು. ನಾನು ನೋಡಿಯೂ ನೋಡದವಳ ಹಾಗೆ ಕೂತೆ, ಆದರೆ ಬಾಯಿ ಸುಮ್ಮನಿರಬೇಕಲ್ಲ.

“ಸತ್ತೋರಿಗಿ ಯಾರರ ಕೇಳ್ತಾರೇನ ನೀರ ಹ್ಯಾಂಗ ಅದ ಅಂತ?”

“ರೂಢಿ ಬಿದ್ದದ್ರಿ ಸಿಸ್ಟರ್,” ಎಂದು ತಬಸ್ಸುಮ ನಾಚಿದಳು. “ತಲಿ ಕೈಯಾಗ ಬಂತಂದ್ರ ಬಾಯಿ ತಾನ ಕೇಳ್ತದ. ಕೇಳಿದ ಮ್ಯಾಲ ಅಂಜಿಕಿ ಎಲ್ಲಿ ಹೋಯ್ತೋ ಗೊತ್ತಾಗಲಿಲ್ರಿ.”

“ನಾನೂ ಕೇಳ್ತೇನ್ರಿ ಪ್ರತಿ ಸರ್ತಿ,” ಎಂದಳು ಮರಿಯಮಬೀ. “ಮನಸ್ನಾಗ.”

ತಬಸ್ಸುಮ ಅತ್ತೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು, ಪಾರ್ಲರಿಗೆ ಬಂದ ಗಿರಾಕಿಯನ್ನು ನೋಡುವ ಹಾಗೆ.

“ಅಮ್ಮಿ, ಅನ್ವರಿ ಖಾಲಾ ಕಡ್ಡಿ ಆಗಿದ್ರು, ನಡೀತು. ನಿಮಗ ಮಗ್ಗಲಾ ಹೊರಳಸೋದು ನನ್ನೊಬ್ಬಾಕಿ ಕೈಲೆ ಆಗಂಗಿಲ್ರಿ. ಇನ್ನೊಬ್ಬಾಕಿಗಿ ಕಲಸ್ರಿ.”

“ಏನ್ ಮಾತಾಡ್ತಿ ನೀ?” ಎಂದು ಅಯ್ಯುಬ ಹೆಂಡತಿಯ ಮೇಲೆ ಸಿಡುಕಿದ.

“ನೀ ಸುಮ್ನ ಕೂಡು,” ಎಂದಳು ಮರಿಯಮಬೀ. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ನಗುತ್ತಿತ್ತು. “ಆಕಿ ಖರೇ ಹೇಳ್ತಾಳ. ಹೋಗು, ಒಂದ ಪ್ಲೇಟ್ ಭಜಿ ತಗೊಂಡ ಬಾ. ಭಾಳ ಹಸಿವ್ಯಾಗ್ಯದ.”