ಮೂರು ದಿನದ ಬಾಟಲಿ

ನನ್ನ ಸಂಶೋಧನೆಯ ಬಹುಭಾಗ ಬೇರೆಯವರ ಮೂತ್ರದ ಜೊತೆ ಕಳೆಯಿತು ಎಂದರೆ ಈಗಲೂ ನೆಂಟರು ಕಾಫಿ ಲೋಟ ಕೆಳಗಿಡುತ್ತಾರೆ. ಇಟ್ಟರೆ ಇಡಲಿ. ಅರವತ್ತರ ದಶಕದ ಕೊನೆಯಲ್ಲಿ, ದಂಡು ಪ್ರದೇಶದ ಹಳೆಯ ಬಂಗಲೆಯೊಂದರಲ್ಲಿದ್ದ ನಮ್ಮ ಪ್ರಯೋಗಾಲಯಕ್ಕೆ ರಕ್ತದ ಹಾರ್ಮೋನು ಅಳೆಯುವ ಯಂತ್ರ ಬಂದಿರಲಿಲ್ಲ. ಹೆಂಗಸರ ಬೆಳಗಿನ ಮೂತ್ರವನ್ನು ದಿನವೂ ತರಿಸಿ, ಕಾಯಿಸಿ, ಸೋಸಿ ಲೆಕ್ಕ ಹಾಕುತ್ತಿದ್ದೆವು. ಗರ್ಭ ಕಟ್ಟಿದೆಯೇ ಎಂದು ತಿಳಿಯಲು ಗಂಡು ಕಪ್ಪೆಗಳಿದ್ದವು. ಗರ್ಭಿಣಿಯ ಮೂತ್ರ ಚುಚ್ಚಿದರೆ ಕೆಲವು ಗಂಟೆಗಳಲ್ಲಿ ಕಪ್ಪೆ ವೀರ್ಯಾಣು ಬಿಡುತ್ತದೆ. ಗರ್ಭವಿಲ್ಲದಿದ್ದರೆ ನಮ್ಮನ್ನೇ ಪಿಳಿಪಿಳಿ ನೋಡುತ್ತಾ ಕೂರುತ್ತದೆ.

ಹಲಸೂರಿನ ಹಳೇ ಬೀದಿಯ ಒಂದು ಒಕ್ಕಲು ಮನೆಯಿಂದಲೂ ಬಾಟಲಿ ಬರುತ್ತಿತ್ತು. ಆ ಮನೆಯ ಹಿರಿಸೊಸೆಗೆ ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಗಂಡ ಕಾರ್ಖಾನೆಯ ನೌಕರ. ಅವನಿಗೆ ಕೃಷ್ಣರಾಜಪುರದಿಂದ ಇನ್ನೊಂದು ಹೆಣ್ಣು ತರುವ ಮಾತು ನಡೆದಿತ್ತು. ಅದನ್ನು ನನಗೆ ಹೇಳಿದವರು ಅತ್ತೆಯೇ, ಸೊಸೆಯ ಎದುರಿಗೇ.

ಮೊದಲ ಎರಡು ತಿಂಗಳು ಆಕೆಯ ಲೆಕ್ಕ ಎಲ್ಲರಂತೆಯೇ ಇತ್ತು. ಮೂರನೆಯ ತಿಂಗಳು ನನ್ನ ತಲೆ ಕೆಟ್ಟಿತು. ಮುಟ್ಟಾದ ಮೂರು ದಿನ ಹಾರ್ಮೋನು ಕೆಳಗಿಳಿಯಬೇಕು. ಆಕೆಯದು ಆ ಮೂರು ದಿನವೇ ನೆಗೆದು ನಿಂತು, ನಾಲ್ಕನೆಯ ದಿನ ದೊಪ್ಪನೆ ಬಿದ್ದಿತ್ತು. ಮತ್ತೆ ಅಳೆದೆ. ಅದೇ. ಕಪ್ಪೆಗೆ ಚುಚ್ಚಿದರೆ ಅದೂ ಗರ್ಭ ಇದೆ ಎಂದಿತು. ಪ್ರೊಫೆಸರು ಕನ್ನಡಕ ಹಣೆಗೇರಿಸಿ, "ಇದು ಹೊಸದು ಕಣ್ರೀ, ಬರೀರಿ!" ಎಂದರು. ಏನೆಂದು ಬರೆಯಲಿ? ತಿಳಿಯದ ಕಡೆ ತೆಪ್ಪಗಿರಬೇಕಿತ್ತು. ನಾನು ಹಲಸೂರಿಗೆ ಹೋಗಿ, "ನಮ್ ಕಪ್ಪೆನೇ ಹೇಳ್ತು, ಗರ್ಭ ಕಟ್ತಾ ಇದೆ ಅಮ್ಮ, ನಿಲ್ತಾ ಇಲ್ಲ ಅಷ್ಟೇ" ಎಂದು ಹೇಳಿಬಂದೆ.

"ಕಟ್ಟೋದಾದ್ರೆ ಇವತ್ತಲ್ಲ ನಾಳೆ ನಿಲ್ಲುತ್ತೆ ಬಿಡಿ" ಎಂದರು ಅತ್ತೆ. ಕೃಷ್ಣರಾಜಪುರದ ಮಾತು ಅಲ್ಲಿಗೆ ನಿಂತಿತು.

ಮರುತಿಂಗಳು, ಬಾಟಲಿ ತರುವ ಮುದುಕ ಜವಾನನಿಗೆ ಜ್ವರ ಬಂತೆಂದು ನಾನೇ ಹೋದೆ. ಹಿರಿಸೊಸೆ ಹಿತ್ತಿಲ ಜಗಲಿಯಲ್ಲಿ ಚಾಪೆ, ತಟ್ಟೆ, ಚೊಂಬು ಇಟ್ಟುಕೊಂಡು ಹೊರಗೆ ಕೂತಿದ್ದಳು. ಅವಳ ಬಾಟಲಿಯನ್ನು ಒಳಗಿನಿಂದ ಅವಳ ವಾರಗಿತ್ತಿ, ಆ ಮನೆಯ ಕಿರಿಸೊಸೆ, ತಂದುಕೊಟ್ಟಳು, ಇನ್ನೂ ಬೆಚ್ಚಗಿತ್ತು.

"ಇದು ನಿಮ್ದೇ ತಾನೆ?" ಎಂದು ಜಗಲಿಯತ್ತ ನೋಡಿ ಕೇಳಿದೆ.

"ಅಯ್ಯೋ, ಹೊರಗಿರೋವಾಗ ನಾನ್ ಮುಟ್ಟಿದ್ದನ್ನ ನಿಮ್ ಕೈಗೆ ಕೊಡೋಕಾಗುತ್ತಾ? ಅಷ್ಟು ತಿಳೀದೋರಲ್ಲ ನಾವು. ಆ ಮೂರು ದಿನ ತಂಗಿ ತುಂಬಿಸ್ತಾಳೆ. ಒಂದೇ ಮನೆ ಅನ್ನ ತಿನ್ನೋರು, ಏನ್ ವ್ಯತ್ಯಾಸ?"

ವಾರಗಿತ್ತಿಯನ್ನು ನೋಡಿದೆ. ಅವಳು ಸೆರಗು ಹೊಟ್ಟೆಯ ಮೇಲೆಳೆದುಕೊಂಡು ತಲೆ ತಗ್ಗಿಸಿದಳು. ಮೂರು ತಿಂಗಳು ತುಂಬುವವರೆಗೆ ಬಸಿರನ್ನು ಹೊರಗಿನವರಿಗೆ ಹೇಳುವ ಪದ್ಧತಿಯಿಲ್ಲ. ಮನೆಗೆಲ್ಲ ಗೊತ್ತಿತ್ತು, ಕಪ್ಪೆಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ನನ್ನ ಮೇಲೆ ನನಗೇ ಅಸಹ್ಯವಾಯಿತು. ಯಾಕೆಂದರೆ ಹಾರ್ಮೋನು ಅಳೆಯುವ ಈ ಮಹಾ ವಿಜ್ಞಾನಿಯೂ ತನ್ನ ಮನೆಯಲ್ಲಿ ಆ ಮೂರು ದಿನ ಹಿಂದಿನ ಕೋಣೆಯಲ್ಲೇ ಉಣ್ಣುತ್ತಿದ್ದಳು. ನನ್ನ ಊಟದ ಡಬ್ಬಿಯನ್ನು ಅಮ್ಮ ಮುಟ್ಟುತ್ತಿರಲಿಲ್ಲ. ಹಾಗಿದ್ದೂ, ಆ ದಿನಗಳಲ್ಲಿ ಬಾಟಲಿಯನ್ನು ಯಾರು ಮುಟ್ಟುತ್ತಾರೆ ಎಂದು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಹಿರಿಸೊಸೆ ನಮ್ಮಿಬ್ಬರ ಮುಖ ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಹಂಗಾದ್ರೆ ಕಪ್ಪೆ ಹೇಳಿದ್ದು ಇವಳ್ದು" ಎಂದಳು. ಎದುರಿನ ತಟ್ಟೆಯನ್ನು ನೋಡಿ, "ಈ ಒಂದ್ ತಿಂಗಳು ಅತ್ತೆ ನಂಗೂ ಬಿಸಿ ಮುದ್ದೆ ಹಾಕಿದ್ರು" ಎಂದಳು.

ಸುಮ್ಮನಿದ್ದುಬಿಡಲೇ ಎನಿಸಿತು. ಹೇಳಿದರೆ ಅವಳ ಮನೆ ಹೋಗುತ್ತದೆ. ಹೇಳದಿದ್ದರೆ ನನ್ನ ಲೆಕ್ಕದ ಪುಸ್ತಕದಲ್ಲೂ ಅವಳ ಮನೆಯಲ್ಲೂ ಒಂದೇ ಸುಳ್ಳು. ಅವಳೇ ನನಗಿಂತ ಮೊದಲು ತೀರ್ಮಾನಿಸಿದಳು.

"ನಾಳೆ ನಾನೇ ತುಂಬಿಸ್ತೀನಿ. ಮೈಲಿಗೆ ಆದ್ರೆ ಆಗ್ಲಿ. ನಂದೇನು ಅಂತ ನಂಗೂ ಗೊತ್ತಾಗ್ಬೇಕಲ್ಲ."

ಮರುದಿನ ಬಾಟಲಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು. ನಾನು ಎತ್ತಿಕೊಳ್ಳದೆ ಕೈ ಚಾಚಿದೆ. ಅನುಮಾನಿಸುತ್ತಲೇ ಕೈಗಿತ್ತಳು.

ಕಪ್ಪೆ ಪಿಳಿಪಿಳಿ ನೋಡುತ್ತಾ ಕೂತಿತು. ಪುಸ್ತಕದ ಆ ಪುಟಗಳಿಗೆ ಕೆಂಪು ಶಾಯಿ ಎಳೆದೆ. ಪ್ರೊಫೆಸರು ಎರಡು ದಿನ ಮಾತಾಡಲಿಲ್ಲ. ಆಮೇಲೆ ಹಲಸೂರಿಗೆ ಹೋದೆ.

"ಏನಂತೆ ಕಪ್ಪೆ?" ಎಂದರು ಅತ್ತೆ. ಎಲ್ಲವನ್ನೂ ಹೇಳಿದೆ. ಅವರ ಮುಖ ಬಿಗಿಯಿತು. ಕೃಷ್ಣರಾಜಪುರ ಎಂಬ ಮಾತು ಅವರ ತುಟಿಯವರೆಗೆ ಬಂದದ್ದು ನನಗೆ ಕಾಣಿಸಿತು.

"ಸೊಸೆ ಲೆಕ್ಕ ನಾಲ್ಕನೇ ದಿನದಿಂದ ಮುಂದಕ್ಕೆಲ್ಲ ಸರಿಯಾಗೇ ಇದೆ ಅಮ್ಮ. ಈಗ ನಿಮ್ಮ ಮಗನನ್ನ ಒಂದ್ಸಲ ಕಳ್ಸಿ. ಅವರ್ದೂ ನೋಡ್ಬೇಕು."

"ನನ್ ಮಗನ್ದಾ?"

"ಹ್ಞೂಂ. ಕಪ್ಪೆ ಬೇಡ, ಅವರೇ ಬಂದ್ರೆ ಸಾಕು."

ವಿಜ್ಞಾನಕ್ಕಾಗಿ ಹೇಳಿದೆನೋ, ಸಿಟ್ಟಿಗೆ ಹೇಳಿದೆನೋ ಇಂದಿಗೂ ನನಗೆ ಗೊತ್ತಿಲ್ಲ. ಮಗ ಬರಲಿಲ್ಲ. ಆದರೆ ಆ ಮನೆಗೆ ಕೃಷ್ಣರಾಜಪುರದ ಹೆಣ್ಣೂ ಬರಲಿಲ್ಲ.